‘ಲೇಟ್’ ಕಂಡ ಸಾಲನ್ನೆಲ್ಲ ಕೈಬಿಟ್ಟ ಜರಡಿಯವರಿಗೆ

ಮಾನ್ಯ ಜರಡಿಯವರೇ,

ಮುಳಬಾಗಿಲಿನ ಬಸ್ ನಿಲ್ದಾಣದ ಎದುರಿಗಿರುವ ಸುರೇಶಣ್ಣನ ಜೆರಾಕ್ಸ್ ಅಂಗಡಿಯಲ್ಲಿ, ಗೋಡೆಯ ಪಕ್ಕದ ಎರಡನೇ ಕಂಪ್ಯೂಟರಿನಲ್ಲಿ, ‘ಹೊಸದು’ ಎಂಬ ಫೋಲ್ಡರಿನ ಒಳಗಿರುವ ‘ಹೊಸದು ಎರಡು’ ಎಂಬ ಫೋಲ್ಡರಿನಲ್ಲಿ ನೆಮ್ಮದಿಯಾಗಿ ನೆಲೆಸಿರುವ ತಮಗೆ, ಅದೇ ಅಂಗಡಿಯಲ್ಲಿ ಮೊನ್ನೆಯವರೆಗೆ ಕೆಲಸಕ್ಕಿದ್ದ ವೇಣು ಮಾಡುವ ನಮಸ್ಕಾರಗಳು. ತಾವು ಕ್ಷೇಮವಾಗಿದ್ದೀರೆಂದು ಕೇಳದೆಯೇ ಬಲ್ಲೆ. ಒಂಬತ್ತೇ ಸಾಲಿನ ದೇಹದ ತಮಗೆ ಬೆನ್ನುನೋವಿಲ್ಲ, ಕಣ್ಣುರಿಯಿಲ್ಲ, ಕರೆಂಟು ಹೋದರೆ ಸೆಖೆಯಿಲ್ಲ, ಎಲ್ಲಕ್ಕಿಂತ ಮಿಗಿಲಾಗಿ, ತಮ್ಮನ್ನು ಕಚೇರಿಗೆ ಕರೆಸಿ ನಿಲ್ಲಿಸಿ ಬೈಯುವ ಶಕ್ತಿ ಈ ತಾಲ್ಲೂಕಿನಲ್ಲಿ ಯಾರಿಗೂ ಇಲ್ಲ.

ಈ ಪತ್ರವನ್ನು ತಮ್ಮ ಫೋಲ್ಡರಿನಲ್ಲೇ ಗುಟ್ಟಾಗಿ ಇಟ್ಟು ಬರಬಹುದಿತ್ತು. ಬಹಿರಂಗವಾಗಿ ಬರೆಯಬೇಕಾಗಿ ಬಂದದ್ದಕ್ಕೆ ಕ್ಷಮೆಯಿರಲಿ. ‘ಲೇಟ್’ ಎಂಬ ಪದವಿರುವ ಸಾಲನ್ನು ಕಂಡ ಕೂಡಲೇ ಕೈಬಿಟ್ಟು ಮುಂದಿನ ಸಾಲಿಗೆ ಹೋಗುವುದು ತಮ್ಮ ಪದ್ಧತಿ. ನನ್ನ ದೂರಿನ ಸಾಲುಗಳಲ್ಲೆಲ್ಲ ಆ ಪದವೇ ಇದೆ. ಆದ್ದರಿಂದ ತಾವು ಇದನ್ನು ಓದಿದರೆ ದೂರೆಲ್ಲ ಬಿದ್ದುಹೋಗಿ ಹೊಗಳಿಕೆ ಮಾತ್ರ ತಮಗೆ ತಲುಪುತ್ತದೆ. ಈ ಒಂದು ವಿಷಯದಲ್ಲಿ ತಾವು ನಾನು ಇದುವರೆಗೆ ಅರ್ಜಿ ಬರೆದುಕೊಟ್ಟ ಬೇರೆಲ್ಲ ಮಾನ್ಯರಂತೆಯೇ ಇದ್ದೀರಿ.

ತಮ್ಮನ್ನು ಅರಿಯದ ಓದುಗರಿಗೆ ತಮ್ಮ ಪರಿಚಯವನ್ನು ಎರಡು ಮಾತಿನಲ್ಲಿ ಮಾಡಿಕೊಡುತ್ತೇನೆ. ತಾವು ಪೈಥಾನ್ ಎಂಬ ಭಾಷೆಯಲ್ಲಿ ಬರೆದ ಚಿಕ್ಕ ಪ್ರೋಗ್ರಾಂ. ಒಂದು ಪಟ್ಟಿಯನ್ನು ತೆರೆದು, ಒಂದೊಂದೇ ಸಾಲು ಓದಿ, ಬೇಡದ್ದನ್ನು ಬಿಟ್ಟು ಬೇಕಾದ್ದನ್ನು ಹೊಸ ಪಟ್ಟಿಗೆ ಬರೆಯುವುದು ತಮ್ಮ ಉದ್ಯೋಗ. ರಾಗಿಯ ಜರಡಿಯಲ್ಲಿ ಕಲ್ಲು ಮೇಲೆ ನಿಂತು ಕಾಳು ಕೆಳಗೆ ಬೀಳುವುದನ್ನು ನೋಡಿ ಬೆಳೆದ ನಾನು ತಮಗೆ ಆ ಹೆಸರನ್ನೇ ಇಟ್ಟೆ. ಯಾವುದು ಕಲ್ಲು, ಯಾವುದು ಕಾಳು ಎಂದು ಹೇಳಿಕೊಟ್ಟವನೂ ನಾನೇ. ಇದನ್ನು ಮೊದಲೇ ಹೇಳಿಬಿಡುವುದು ಒಳ್ಳೆಯದು.

ನಾನು ಒಂಬತ್ತನೇ ತರಗತಿಯ ನಡುವೆ ಶಾಲೆ ಬಿಟ್ಟವನು. ಬಡತನಕ್ಕೆ ಬಿಟ್ಟನೆಂದು ಜನ ಮರುಗುವುದುಂಟು, ಅದು ನಿಜವಲ್ಲ. ನಮ್ಮದು ಮೂರು ಎಕರೆ ತೋಟವಿದೆ, ಅಪ್ಪ ಓದು ಎಂದೇ ಹೇಳುತ್ತಿದ್ದರು. ನನಗೆ ಒಂದೇ ಕಡೆ ಕೂರಲು ಆಗುತ್ತಿರಲಿಲ್ಲ, ಅಷ್ಟೇ. ತಮ್ಮ ಜನನಕ್ಕೂ ಅದೇ ಕಾರಣ.

ವಿಷಯಕ್ಕೆ ಬರುತ್ತೇನೆ. ಬೈರಕೂರಿನ ಆಚೆಗೆ ನಮ್ಮ ಕಡೆಯ ರೇಷ್ಮೆ ಬೆಳೆಗಾರರದ್ದೊಂದು ಸಂಘವಿದೆ. ಹೆಸರು ಬೇಡ, ಅದರ ಬೋರ್ಡಿನಲ್ಲೇ ಅರ್ಧ ಅಕ್ಷರ ಉದುರಿವೆ. ಮೊಟ್ಟೆಯೊಡೆದ ಹುಳುವನ್ನು ಎರಡನೇ ಜ್ವರ ದಾಟುವವರೆಗೆ, ಅಂದರೆ ಎರಡು ಸಲ ಪೊರೆ ಬಿಡುವವರೆಗೆ, ಒಂದು ಕೇಂದ್ರದಲ್ಲಿ ಸಾಕಿ ನಂತರ ರೈತರಿಗೆ ಕೊಡುತ್ತಾರೆ. ಅದಕ್ಕೆ ಚಾಕಿ ಎನ್ನುತ್ತಾರೆ. ಸಂಘದ ಪಟ್ಟಿಯಲ್ಲಿ ಹೆಸರಿದ್ದರೆ ಚಾಕಿ ಉಂಟು, ಇಲ್ಲದಿದ್ದರೆ ಇಲ್ಲ. ತೋಟದಲ್ಲಿ ಹಿಪ್ಪುನೇರಳೆ ಸೊಪ್ಪು ಹದಕ್ಕೆ ಬಂದಾಗ ಮನೆಗೆ ಹುಳು ಬರಬೇಕು. ಒಂದು ವಾರ ತಪ್ಪಿದರೆ ಎಲೆ ಬಲಿತು ತೊಗಲಿನಂತಾಗುತ್ತದೆ, ಹುಳು ಅದರ ಮೇಲೆ ಹರಿದಾಡಿ ಬಾಯಿ ಹಾಕದೆ ಸುಮ್ಮನಾಗುತ್ತದೆ. ಎರಡು ತಿಂಗಳ ನೀರು, ಗೊಬ್ಬರ, ಕಳೆ ಎಲ್ಲವೂ ಹಸುವಿನ ಬಾಯಿಗೆ.

ಆ ಸಂಘದ ಕಾರ್ಯದರ್ಶಿ ಚನ್ನರಾಯಪ್ಪನವರು ಕಳೆದ ಸೋಮವಾರ ಬೆಳಿಗ್ಗೆ ಅಂಗಡಿಗೆ ಬಂದು ಪೆನ್ ಡ್ರೈವ್ ಕೊಟ್ಟರು. ಅದರಲ್ಲಿ ಸದಸ್ಯರ ಪಟ್ಟಿ, ಮುನ್ನೂರ ಆರು ಸಾಲು. ಚಾಕಿ ಕೇಂದ್ರದವರು ಈ ಸಲ ಇನ್ನೂರ ಎಂಬತ್ತೆಂಟು ಮಂದಿಗಿಂತ ಹೆಚ್ಚಿಗೆ ಕೊಡಲಾರೆವು ಎಂದಿದ್ದರಂತೆ. ಪಟ್ಟಿಯಲ್ಲಿ ತೀರಿಕೊಂಡವರ ಹೆಸರು ಎಷ್ಟೋ ಉಳಿದುಕೊಂಡಿವೆ, ಅವನ್ನು ತೆಗೆದರೆ ಬದುಕಿರುವವರಿಗೆ ಸಾಕಾಗುತ್ತದೆ ಎಂಬುದು ಅವರ ಆಲೋಚನೆ. ಒಳ್ಳೆಯ ಆಲೋಚನೆ. ಹೋಗುವಾಗ ಅವರು ಆಡಿದ ಮಾತು ಇನ್ನೂ ನನ್ನ ಕಿವಿಯಲ್ಲಿದೆ: “ಸತ್ತೋರ್ನೆಲ್ಲ ತೆಗೆದುಕೊಡಪ್ಪ. ಲೇಟ್ ಅಂತ ಹಾಕಿರ್ತಾರಲ್ಲ, ಅವ್ರನ್ನ.”

ಮುನ್ನೂರ ಆರು ಸಾಲನ್ನು ಕುಳಿತು ಓದಿದ್ದರೆ ಒಂದು ಗಂಟೆಯ ಕೆಲಸ. ನಾನು ಐದು ನಿಮಿಷ ಕುಳಿತೆ. ಆರನೇ ನಿಮಿಷಕ್ಕೆ ಕಾಲು ಅಲುಗಾಡತೊಡಗಿತು, ಏಳನೆಯದಕ್ಕೆ ಎದ್ದು ಟೀ ಕುಡಿದು ಬಂದೆ, ಬಂದವನು ಓದುವ ಬದಲು ತಮ್ಮನ್ನು ಬರೆದೆ. ತಮ್ಮನ್ನು ಬರೆದು ಮುಗಿಸಲು ಒಂದೂಕಾಲು ಗಂಟೆ ಹಿಡಿಯಿತು ಎಂಬುದನ್ನು ಈವರೆಗೆ ಯಾರಿಗೂ ಹೇಳಿರಲಿಲ್ಲ.

ತಮ್ಮ ಬಾಲ್ಯದ ಕಷ್ಟಗಳನ್ನು ನಾನು ಮರೆತಿಲ್ಲ. ಮೊದಲ ಸಲ ಪಟ್ಟಿ ತೆರೆದಾಗ ತಮಗೆ ಕನ್ನಡ ಕಾಣಲಿಲ್ಲ, ಹಳೆಯ ಫಾಂಟಿನಲ್ಲಿ ಟೈಪಾಗಿದ್ದ ಹೆಸರುಗಳೆಲ್ಲ ಇಂಗ್ಲಿಷ್ ಅಕ್ಷರಕ್ಕೆ ಮೀಸೆ ಬರೆದಂತೆ ಕಂಡವು. ಅದನ್ನು ಯೂನಿಕೋಡಿಗೆ ಬದಲಿಸಿದೆ. ಎರಡನೇ ಸಲ ಪಟ್ಟಿಯನ್ನು ಯಾವ ಲಿಪಿಯೆಂದು ಹೇಳದೆ ತೆರೆಯಹೊರಟದ್ದಕ್ಕೆ ತಾವು ಒಂದು ಪುಟ ತುಂಬ ಬೈದಿರಿ. ತಿದ್ದಿಕೊಂಡೆ. ಮೂರನೇ ಸಲ ತಾವು ಮಾತನಾಡದೆ ಕೆಲಸ ಮುಗಿಸಿದಿರಿ. ಸಾಲನ್ನು ತೆಗೆದುಕೊಳ್ಳುವುದು, ಅದರಲ್ಲಿ ‘ಲೇಟ್’ ಇದೆಯೇ ನೋಡುವುದು, ಇದ್ದರೆ ಬಿಡುವುದು, ಇಲ್ಲದಿದ್ದರೆ ಬರೆದುಕೊಳ್ಳುವುದು. ಕಣ್ಣು ರೆಪ್ಪೆ ಬಡಿಯುವಷ್ಟು ಹೊತ್ತು ಕೂಡ ಹಿಡಿಯಲಿಲ್ಲ. ಐವತ್ತಾರು ಸಾಲು ಹೋಗಿ ಇನ್ನೂರೈವತ್ತು ಉಳಿದವು.

ಆ ಸಂಖ್ಯೆಯೇ ನಮ್ಮೆಲ್ಲರ ಬುದ್ಧಿಯನ್ನು ಮಂಕು ಮಾಡಿತೆಂದು ಕಾಣುತ್ತದೆ. ಇನ್ನೂರ ನಲವತ್ತೇಳೋ ಐವತ್ತಮೂರೋ ಬಂದಿದ್ದರೆ ಯಾರಾದರೂ ಒಮ್ಮೆ ಪಟ್ಟಿಯ ಮೇಲೆ ಕಣ್ಣಾಡಿಸುತ್ತಿದ್ದರೇನೋ. ಚನ್ನರಾಯಪ್ಪನವರು ಕಾಗದವನ್ನು ಕೈಯಲ್ಲಿ ಹಿಡಿದು, “ನೋಡ್ದಾ, ರೌಂಡಾಗಿ ಬಂತು” ಎಂದರು. ಐವತ್ತಾರು ಮಂದಿ ಹೋಗಿಬಿಟ್ಟರಲ್ಲ ಪಾಪ ಎಂದು ಅರೆಕ್ಷಣ ಮರುಗಿದರು. ಸಂಜೆಯೊಳಗೆ ಮೊಹರು ಬಿದ್ದು ಪಟ್ಟಿ ಸಂಘದ ಗೋಡೆಗೆ ಅಂಟಿತು. ಶುಕ್ರವಾರ ಚಾಕಿ ಹಂಚಿಕೆ ಎಂದು ಕೆಳಗೆ ಬರೆದಿತ್ತು.

ಮಂಗಳವಾರ ಹನ್ನೊಂದು ಗಂಟೆಗೆ ಅಕ್ಕಯಮ್ಮ ಅಂಗಡಿಯ ಮೆಟ್ಟಿಲು ಹತ್ತಿ ಬಂದರು. ಅರವತ್ತರ ಮೇಲಿನ ವಯಸ್ಸು, ಒಂದೂವರೆ ಎಕರೆ ಹಿಪ್ಪುನೇರಳೆ, ಜೊತೆಗೆ ಪಿಯುಸಿ ಓದುವ ಮೊಮ್ಮಗಳು ಅರ್ಪಿತ. ಗೋಡೆಯ ಪಟ್ಟಿಯನ್ನು ಅರ್ಪಿತ ಮೂರು ಸಲ ಓದಿದ್ದಳಂತೆ. ಅಜ್ಜಿಯ ಹೆಸರಿರಲಿಲ್ಲ. ಸಂಘದಲ್ಲಿ ಕೇಳಿದರೆ, ತೀರಿಕೊಂಡವರನ್ನು ತೆಗೆದಿದ್ದೇವೆ, ಪಟ್ಟಿ ಮಾಡಿದ್ದು ಮುಳಬಾಗಿಲಿನ ಕಂಪ್ಯೂಟರ್, ಅಲ್ಲೇ ಕೇಳಿ ಎಂದಿದ್ದರು. ಅಕ್ಕಯಮ್ಮ ನನ್ನೆದುರಿನ ಸ್ಟೂಲಿನಲ್ಲಿ ಕುಳಿತು, ದನಿ ಏರಿಸದೆ ಹೇಳಿದರು:

“ನಾನು ಯಾವತ್ತು ಸತ್ತೆ ಅಂತ ಕೇಳ್ಕೊಂಡು ಹೋಗೋಣ ಅಂತ ಬಂದೆ ಕಣಪ್ಪ. ದಿನ ಗೊತ್ತಾದ್ರೆ ವರ್ಷಕ್ಕೊಂದ್ಸಲ ಎಡೆನಾದ್ರೂ ಇಟ್ಕೋಬಹುದು.”

ನಾನು ತಮ್ಮನ್ನು ತೆರೆದೆ. ಹಳೆಯ ಪಟ್ಟಿಯನ್ನೂ ತೆರೆದೆ. ಅವರ ಸಾಲು ಹೀಗಿತ್ತು: ಅಕ್ಕಯಮ್ಮ ಕೋಂ ಲೇಟ್ ಸುಬ್ಬರಾಯಪ್ಪ.

ಮಾನ್ಯರೇ, ನಮ್ಮ ಕಡೆಯ ಕಾಗದಪತ್ರದಲ್ಲಿ ‘ಬಿನ್’ ಎಂದರೆ ಮಗ, ‘ಕೋಂ’ ಎಂದರೆ ಹೆಂಡತಿ. ಈ ಎರಡು ಪದ ಹಾಕದೆ ಇಲ್ಲಿ ಯಾರ ಹೆಸರೂ ಪೂರ್ತಿಯಾಗುವುದಿಲ್ಲ. ಲೇಟ್ ಎಂಬುದು ಸುಬ್ಬರಾಯಪ್ಪನವರಿಗೆ ಸೇರಿದ್ದು. ಅವರು ಹೋಗಿ ಹನ್ನೊಂದು ವರ್ಷವಾಯಿತು. ಆ ಸಾಲಿನಲ್ಲಿ ಸತ್ತವರೊಬ್ಬರು, ಬದುಕಿರುವವರೊಬ್ಬರು, ಇಬ್ಬರೂ ಅಕ್ಕಪಕ್ಕ ಕುಳಿತಿದ್ದರು. ತಾವು ಪದವನ್ನು ನೋಡಿದಿರಿ, ಅದು ಯಾರ ಮೈಮೇಲಿದೆ ಎಂದು ನೋಡಲಿಲ್ಲ. ಇಡೀ ಸಾಲನ್ನೇ ಎತ್ತಿ ಹಾಕಿದಿರಿ.

ಬಿಟ್ಟುಹೋದ ಐವತ್ತಾರು ಸಾಲುಗಳನ್ನೂ ಆಗ ಓದಿದೆ. ಆಗ ಓದಲು ಕಾಲು ಅಲುಗಾಡಲಿಲ್ಲ. ಹದಿನೇಳು ಸಾಲು ವಿಧವೆಯರದು, ಸಂಘದಲ್ಲಿರುವ ವಿಧವೆಯರು ಅಷ್ಟೂ ಮಂದಿ. ಮೂವತ್ತನಾಲ್ಕು ಸಾಲು ತಂದೆ ತೀರಿಹೋದ ಗಂಡಸರದು. ಇನ್ನೆರಡರಲ್ಲಿ ತಮ್ಮ ಪ್ರತಿಭೆ ಎದ್ದು ಕಾಣುತ್ತದೆ. ಗುರುತು ಸಿಗಲೆಂದು ಗುಮಾಸ್ತರು ಅಡ್ಡಹೆಸರನ್ನೂ ಬರೆದಿದ್ದ ಗೋಪಿ ಮತ್ತು ವೆಂಕಟ್ ಅವರ ಸಾಲುಗಳು ಅವು. ಚಿಕ್ಕಂದಿನಲ್ಲಿ ಮಿಠಾಯಿ ಮಾರುತ್ತಿದ್ದುದರಿಂದ ಒಬ್ಬರು ‘ಚಾಕ್ಲೇಟ್ ಗೋಪಿ’, ಬೈಕುಗಳಿಗೆ ನಂಬರು ಬರೆಯುವುದರಿಂದ ಇನ್ನೊಬ್ಬರು ‘ನಂಬರ್ ಪ್ಲೇಟ್ ವೆಂಕಟ್’. ಚಾಕ್ಲೇಟಿನ ಹೊಟ್ಟೆಯೊಳಗೂ ಪ್ಲೇಟಿನ ಹೊಟ್ಟೆಯೊಳಗೂ ಲೇಟ್ ಅಡಗಿರುವುದನ್ನು ಕನ್ನಡ ಮೇಷ್ಟರೂ ಕಂಡುಹಿಡಿದಿರಲಿಲ್ಲ, ತಾವು ಕಂಡುಹಿಡಿದು ಇಬ್ಬರನ್ನೂ ಸ್ವರ್ಗಕ್ಕೆ ಕಳಿಸಿದಿರಿ. ನಿಜವಾಗಿ ತೀರಿಕೊಂಡಿದ್ದವರು ಮೂವರೇ ಮೂವರು.

ಹಾಗಾದರೆ ಉಳಿದ ಸತ್ತವರೆಲ್ಲ ಎಲ್ಲಿ? ತಮ್ಮ ಇನ್ನೂರೈವತ್ತರಲ್ಲೇ ಸುಖವಾಗಿದ್ದರು. ಯಾಕೆಂದರೆ ಸತ್ತವರು ಕಚೇರಿಗೆ ಬಂದು ನನ್ನ ಹೆಸರಿನ ಮುಂದೆ ಲೇಟ್ ಸೇರಿಸಿ ಎಂದು ಅರ್ಜಿ ಕೊಡುವುದಿಲ್ಲ. ಹೆಂಡತಿಯೋ ಮಗನೋ ಸದಸ್ಯರಾಗಲು ಬಂದಾಗ ಅವರ ಸಾಲಿನಲ್ಲಿ ಆ ಪದ ಸೇರುತ್ತದೆ, ಸತ್ತವರ ಹಳೆಯ ಸಾಲು ಇದ್ದಂತೆಯೇ ಇರುತ್ತದೆ. ಮೂರು ವರ್ಷದ ಹಿಂದೆ ನಾನೇ ಹೆಗಲು ಕೊಟ್ಟು ಬಂದ ಚಿಕ್ಕವೆಂಕಟಪ್ಪನವರಿಗೆ ತಮ್ಮ ಪಟ್ಟಿಯ ಪ್ರಕಾರ ಶುಕ್ರವಾರ ಚಾಕಿ ಬರಲಿತ್ತು. ಸುಬ್ಬರಾಯಪ್ಪ ಬಿನ್ ಮುನಿವೆಂಕಟಪ್ಪ ಎಂಬ ಸಾಲೂ ಹಾಗೆಯೇ ಇತ್ತು. ಗಂಡ ಪಟ್ಟಿಯಲ್ಲಿ ಜೀವಂತ, ಹೆಂಡತಿ ಪಟ್ಟಿಯಿಂದ ಹೊರಗೆ.

ಇಷ್ಟಾದರೂ ತಮ್ಮ ಸದ್ಗುಣಗಳನ್ನು ಮರೆತು ಮಾತನಾಡುವುದು ನ್ಯಾಯವಲ್ಲ. ತಾವು ಜಾತಿ ಕೇಳಲಿಲ್ಲ, ಪಕ್ಷ ಕೇಳಲಿಲ್ಲ, ಯಾರ ಮನೆಯ ಹೋಳಿಗೆಯನ್ನೂ ತಿನ್ನಲಿಲ್ಲ. ಶಾಸಕರ ಕಡೆಯವನೆಂದು ಸದಾ ಹೇಳಿಕೊಳ್ಳುವ ಒಬ್ಬರ ಸಾಲನ್ನೂ ಅವರ ತಂದೆಯ ಲೇಟ್ ಕಂಡು ಹೆದರದೆ ಎತ್ತಿ ಹಾಕಿದಿರಿ. ಅಂಥ ಧೈರ್ಯ ನಮ್ಮಲ್ಲಿ ಯಾರಿಗಿದೆ? ಒಂದು ಸಾಲನ್ನು ಓದಿದ ಮೇಲೆ ಅದನ್ನು ಮರೆತು ಮುಂದಿನದಕ್ಕೆ ಹೋಗುವ ತಮ್ಮ ಸಮಚಿತ್ತವನ್ನು ಪಡೆಯಲು ಜನ ಬೆಟ್ಟ ಹತ್ತಿ ಕಣ್ಣು ಮುಚ್ಚಿ ಕೂರುತ್ತಾರೆ. ತಮಗೆ ಅದು ಒಂಬತ್ತು ಸಾಲಿನಲ್ಲಿ ಸಿದ್ಧಿಸಿದೆ.

ಮುಂದೆ ನಡೆದದ್ದು ತಮಗೆ ತಿಳಿದಿಲ್ಲ, ಫೋಲ್ಡರಿನಿಂದ ತಾವು ಹೊರಗೆ ಬರುವುದಿಲ್ಲವಲ್ಲ. ಮಂಗಳವಾರ ಮಧ್ಯಾಹ್ನ ಮೂವತ್ತನಾಲ್ಕು ಗಂಡಸರೂ ಗೋಪಿ ಮತ್ತು ವೆಂಕಟ್ ಅವರೂ ಸಂಘಕ್ಕೆ ನುಗ್ಗಿ ಮೇಜು ಗುದ್ದಿದರು. ಚಾಕ್ಲೇಟ್ ಗೋಪಿಯವರು ನನ್ನ ಶವವನ್ನು ನಾನೇ ಹೊತ್ತು ತಂದಿದ್ದೇನೆ, ಎಲ್ಲಿ ಇಳಿಸಲಿ ಎಂದು ಕೇಳಿದರಂತೆ. ಒಂದು ಗಂಟೆಯೊಳಗೆ ಚನ್ನರಾಯಪ್ಪನವರು ಮೂವತ್ತಾರು ಹೆಸರನ್ನೂ ಪೆನ್ನಿನಲ್ಲಿ ಪಟ್ಟಿಯ ಅಂಚಿಗೆ ಸೇರಿಸಿ ಸಹಿ ಹಾಕಿದರು. ಇನ್ನೂರ ಎಂಬತ್ತಾರಾಯಿತು. ಹದಿನೇಳು ಹೆಂಗಸರು ಮಾತ್ರ ಮೇಜು ಗುದ್ದಲಿಲ್ಲ. ಅವರು ವರಾಂಡದಲ್ಲಿ ಸಾಲಾಗಿ ನಿಂತಿದ್ದರು. ಅವರಿಗೆ, ಬದುಕಿರುವ ಬಗ್ಗೆ ಗ್ರಾಮ ಪಂಚಾಯಿತಿಯಿಂದ ಒಂದು ಕಾಗದ ತನ್ನಿ ಎಂದು ಹೇಳಲಾಯಿತು. ಅಲ್ಲದೆ ಕೇಂದ್ರದ ಲೆಕ್ಕಕ್ಕೆ ಇನ್ನು ಎರಡೇ ಜಾಗ ಉಳಿದಿರುವುದರಿಂದ ಚೀಟಿ ಎತ್ತಬೇಕಾಗುತ್ತದೆ, ಉಳಿದ ಹದಿನೈದು ಮಂದಿಗೆ ಮುಂದಿನ ಸಲ ಎಂದರು. ಮುಂದಿನ ಸಲವೆಂದರೆ ಎರಡು ತಿಂಗಳು. ಅಕ್ಕಯಮ್ಮನ ಸೊಪ್ಪಿಗೆ ಇದ್ದದ್ದು ಹೆಚ್ಚೆಂದರೆ ಆರು ದಿನ.

ಅಕ್ಕಯಮ್ಮ ಮುಂದೆ ಹೋಗಿ, “ಯಜಮಾನ್ರು ಹೋಗಿದ್ದಕ್ಕೆ ಸರ್ಟಿಫಿಕೇಟ್ ಇದೆ. ನಾನಿರೋದಕ್ಕೆ ನಾನೇ ಬಂದು ನಿಂತಿದ್ದೀನಿ. ಇನ್ನೇನು ತರ್ಲಿ?” ಎಂದರು.

ಆಗ ಚನ್ನರಾಯಪ್ಪನವರಿಗೆ ಒಂದು ಉಪಾಯ ಹೊಳೆಯಿತು. ಅವರು ಕೆಟ್ಟವರಲ್ಲ, ತೊಡಕು ಬಂದಾಗ ಹತ್ತಿರದ ಬಾಗಿಲಿನಿಂದ ಹೊರಬೀಳುವವರು. ಗಂಡನ ಹೆಸರು ಪಟ್ಟಿಯಲ್ಲಿ ಹೇಗೂ ಇದೆಯಲ್ಲ, ಅದರ ಮುಂದೆ ಹೆಬ್ಬೆಟ್ಟು ಒತ್ತಿ ಚಾಕಿ ಮನೆಗೆ ತೆಗೆದುಕೊಂಡು ಹೋಗು, ಹುಳಕ್ಕೇನು ಗೊತ್ತಾಗುತ್ತದೆ ಎಂದು ಮೆಲ್ಲಗೆ ಹೇಳಿದರು. ಅಕ್ಕಯಮ್ಮ ಸೆರಗು ಸರಿಮಾಡಿಕೊಂಡು, ಅವರ ಹೆಸರಿಗೆ ನಾನು ಹೆಬ್ಬೆಟ್ಟು ಒತ್ತಿದರೆ ಅವರು ಬದುಕಿದ್ದಾರೆಂದು ಆಗುತ್ತದೆ, ಹಾಗಾದರೆ ಹನ್ನೊಂದು ವರ್ಷ ಎಲ್ಲಿದ್ದರೆಂದು ನಾನೂ ಕೇಳಬೇಕಾಗುತ್ತದೆ ಎಂದರು. ಆಮೇಲೆ ವರಾಂಡದ ಕಡೆ ತಿರುಗಿ, ಇವರಲ್ಲಿ ಎಷ್ಟೋ ಜನರ ಗಂಡಂದಿರ ಹೆಸರು ಪಟ್ಟಿಯಲ್ಲಿಲ್ಲ, ಅವರು ಯಾರ ಹೆಸರಿಗೆ ಒತ್ತಬೇಕು ಎಂದು ಕೇಳಿದರು.

ಬುಧವಾರ ನನ್ನನ್ನು ಕರೆಸಿದರು. ಸಂಘದ ನಿಯಮ ಹೀಗಂತೆ: ಮೊಹರು ಬಿದ್ದ ಪಟ್ಟಿಯನ್ನು ಹೊಸದಾಗಿ ಮಾಡಬೇಕಾದರೆ ತಪ್ಪು ಯಾರದೆಂದು ಲಿಖಿತದಲ್ಲಿ ಬರಬೇಕು. ಯಂತ್ರದ ದೋಷವಾದರೆ ಅದು ಆಡಳಿತ ಮಂಡಳಿಯ ಮುಂದೆ ಹೋಗಬೇಕು, ಸಭೆ ಮುಂದಿನ ತಿಂಗಳು. ಪಟ್ಟಿ ತಯಾರಿಸಿದವರ ತಪ್ಪಾದರೆ ಕಾರ್ಯದರ್ಶಿಯೇ ಅಂದೇ ತಿದ್ದಬಹುದು, ಆದರೆ ಆ ಅಂಗಡಿಗೆ ಸಂಘದ ಕೆಲಸ ಮತ್ತೆ ಕೊಡುವಂತಿಲ್ಲ. ಚನ್ನರಾಯಪ್ಪನವರು ಕಾಗದವನ್ನು ನನ್ನ ಕಡೆ ಸರಿಸಿ, “ಕಂಪ್ಯೂಟರ್ ಮಿಸ್ಟೇಕ್ ಅಂತ ಒಂದು ಸಾಲು ಬರೆದುಬಿಡು. ಅದಕ್ಕೇನು, ಮಾನ ಹೋಗುತ್ತಾ?” ಎಂದರು.

ನಿಜ ಹೇಳುತ್ತೇನೆ, ಒಂದು ಗಳಿಗೆ ತಮ್ಮ ಮೇಲೆ ಹಾಕಿಬಿಡಬೇಕೆನಿಸಿತು. ತಮಗೆ ಮಾನವಿಲ್ಲ, ಸಂಬಳವಿಲ್ಲ, ಮನೆಯಲ್ಲಿ ಕೇಳುವವರಿಲ್ಲ. ಈ ದೇಶದಲ್ಲಿ ತಮ್ಮಂಥವರ ತಲೆಯ ಮೇಲೆ ಎಷ್ಟು ಜನರ ತಪ್ಪು ಹೊರಿಸಲಾಗಿದೆಯೋ, ಇನ್ನೊಂದಕ್ಕೆ ಭಾರವಾಗುತ್ತಿರಲಿಲ್ಲ. ಆದರೆ ಲೇಟ್ ಹುಡುಕುವ ತಮ್ಮ ಐದನೇ ಸಾಲನ್ನು ತಾವು ಬರೆದುಕೊಂಡವರಲ್ಲ. ಅದನ್ನು ಬರೆದಾಗ ಅಂಗಡಿಯಲ್ಲಿ ನಾನೊಬ್ಬನೇ ಇದ್ದೆ. ಹಾಗಾಗಿ, ಲೇಟ್ ಎಂದು ಕಂಡ ಸಾಲನ್ನೆಲ್ಲ ಬಿಡುವಂತೆ ಬರೆದವನು ನಾನು, ಬಿಟ್ಟ ಸಾಲುಗಳನ್ನು ಓದಿ ನೋಡದವನೂ ನಾನೇ, ಕಂಪ್ಯೂಟರು ಹೇಳಿದ ಕೆಲಸ ಸರಿಯಾಗಿ ಮಾಡಿದೆ ಎಂದು ಅಂಗಡಿಯ ಲೆಟರ್‌ಹೆಡ್ ಮೇಲೆ ಬರೆದು ಸಹಿ ಹಾಕಿ ಕೊಟ್ಟೆ. ಕಾರ್ಯದರ್ಶಿಯವರು ಸೋಮವಾರ ಹೇಳಿಕೊಟ್ಟ ಮಾತನ್ನೂ ಅದರಲ್ಲಿ ಬರೆಯಲೇ ಎಂದು ಕೇಳಿದೆ. ಅವರು ಬೇಡವೆಂದರು. ಸುರೇಶಣ್ಣನಿಗೆ ವಿಷಯ ತಿಳಿದಾಗ ಅವರು ಕೂಗಾಡಲಿಲ್ಲ. ಸ್ವಲ್ಪ ಹೊತ್ತು ಜೆರಾಕ್ಸ್ ಯಂತ್ರದ ಗಾಜು ಒರೆಸುತ್ತಿದ್ದು, “ಲೇ ವೇಣು, ತಪ್ಪು ಮಾಡೋದು ಬೇರೆ, ಅದನ್ನ ಲೆಟರ್‌ಹೆಡ್ ಮೇಲೆ ಬರ್ಕೊಡೋದು ಬೇರೆ ಕಣೋ. ಇದೊಂದು ಕೆಲಸ ಮುಗಿಸಿಕೊಟ್ಟು ಹೋಗು” ಎಂದರು. ಆ ‘ಹೋಗು’ ಎಂಬುದರ ಅರ್ಥ ನನಗೆ ತಿಳಿಯಿತು.

ಗುರುವಾರ ಬೆಳಿಗ್ಗೆ ಹತ್ತಕ್ಕೆ ಅಕ್ಕಯಮ್ಮ, ಅರ್ಪಿತ, ನಾನು ಅಂಗಡಿಯಲ್ಲಿ ಕುಳಿತೆವು. ತಮ್ಮ ಐದನೇ ಸಾಲನ್ನು ತಿದ್ದಿ, ಲೇಟ್ ಎಂದೇ ಶುರುವಾಗುವ ಸಾಲನ್ನು ಮಾತ್ರ ಬಿಡುವಂತೆ ಮಾಡಿದೆ. ಮುನ್ನೂರ ಮೂರು ಉಳಿದವು. ಬೇಕಾದದ್ದು ಇನ್ನೂರ ಎಂಬತ್ತೆಂಟರೊಳಗೆ. ಹೆಸರಿನಲ್ಲಿ ಯಾವ ಗುರುತೂ ಇಲ್ಲದ ಸತ್ತವರನ್ನು ಹುಡುಕುವ ವಿದ್ಯೆ ತಮಗೂ ಇಲ್ಲ, ನನಗೂ ಇಲ್ಲ. ನೀನು ಓದು, ನಾನು ಹೇಳ್ತೀನಿ ಎಂದರು ಅಕ್ಕಯಮ್ಮ. ಹೊಲ, ಮದುವೆ, ತಿಥಿ ಎಂದು ನಲವತ್ತು ವರ್ಷ ಸುತ್ತಿದ ಊರುಗಳು, ಅವರಿಗೆ ತಿಳಿಯದ ಮನೆಯಿರಲಿಲ್ಲ. ಸಂಶಯ ಬಂದಲ್ಲಿ ಅರ್ಪಿತ ಫೋನ್ ಮಾಡಿ ಕೇಳುವುದೆಂದಾಯಿತು.

ನಾನು ಹೆಸರು ಓದುತ್ತ ಹೋದೆ. ಅವರು ‘ಉನ್ನಾಡು’ ಎಂದರೆ ಇದ್ದಾನೆ, ‘ಪೋಯಿನಾಡು’ ಎಂದರೆ ಹೋದ. ಲೆಕ್ಕ ಹಿಡಿಯುವಾಗ ಅವರ ಬಾಯಿಗೆ ತೆಲುಗೇ ಬರುತ್ತದೆ. ನಮ್ಮ ಗಡಿಯ ಓದುಗರಿಗೆ ಇದನ್ನು ಬಿಡಿಸಿ ಹೇಳಬೇಕಾಗಿಲ್ಲ, ತಮಗಾಗಿ ಹೇಳುತ್ತಿದ್ದೇನೆ. ತಮಗೆ ಇರುವುದು ಎರಡೇ ದಾರಿ, ಬರೆದುಕೊಳ್ಳುವುದು ಇಲ್ಲವೇ ಬಿಡುವುದು. ಅವರಿಗೆ ಎಷ್ಟೋ ದಾರಿಗಳಿದ್ದವು. ಒಬ್ಬರಿಗೆ, ಇದ್ದಾನೆ, ತೋಟ ಕಿತ್ತು ಟೊಮೇಟೊ ಹಾಕಿದ್ದಾನೆ, ಕೇಳಿ ನೋಡು ಎಂದರು. ಇನ್ನೊಬ್ಬರಿಗೆ, ಇದ್ದಾನೆ, ಟೇಕಲ್ಲಿನ ಮಗಳ ಮನೆಯಲ್ಲಿದ್ದಾನೆ, ಪಾಲು ತಮ್ಮನ ಹೆಸರಿಗೆ ಬರೆದಿದ್ದಾನೆ ಎಂದರು. ಮತ್ತೊಬ್ಬರ ಹೆಸರು ಬಂದಾಗ, ಇದ್ದಾನೆ, ಇದ್ದು ಏನು ಪ್ರಯೋಜನ ಎಂದು ನಕ್ಕರು. ಅವರನ್ನು ನಾನು ತೆಗೆಯಲಿಲ್ಲ, ಅಕ್ಕಯಮ್ಮನೂ ತೆಗೆಯಲು ಹೇಳಲಿಲ್ಲ. ಚಿಕ್ಕವೆಂಕಟಪ್ಪನವರು ಹೋದರು. ಒಂದೇ ಮನೆಯ ಅಣ್ಣತಮ್ಮಂದಿರು ಮೂವರು ಒಟ್ಟಿಗೆ ಹೋದರು. ಹನ್ನೆರಡು ಗಂಟೆಯ ಹೊತ್ತಿಗೆ ಇಪ್ಪತ್ತು ಹೆಸರು ಹೋಗಿದ್ದವು. ಇಷ್ಟು ಹೊತ್ತು ನಾನು ಒಮ್ಮೆಯೂ ಎದ್ದಿರಲಿಲ್ಲ, ಅದು ಅರ್ಪಿತ ಹೇಳಿದ ಮೇಲೆ ಗೊತ್ತಾಯಿತು.

ಆಮೇಲೆ ಆ ಸಾಲು ಬಂತು. ಸುಬ್ಬರಾಯಪ್ಪ ಬಿನ್ ಮುನಿವೆಂಕಟಪ್ಪ ಎಂದು, ಬೇರೆ ಹೆಸರುಗಳ ವೇಗದಲ್ಲೇ ಓದಲು ನೋಡಿದೆ, ಆಗಲಿಲ್ಲ. ಅಕ್ಕಯಮ್ಮ ಗಂಡನ ಹೆಸರನ್ನು ಬಾಯಲ್ಲಿ ಹೇಳಿದವರಲ್ಲ. ಕಚೇರಿ ಕೆಲಸಗಳಲ್ಲಿ ಆ ಹೆಸರು ಕೇಳಿದಾಗಲೆಲ್ಲ ಅರ್ಪಿತಳ ಕಡೆ ನೋಡುತ್ತಾರೆ, ಅವಳು ಹೇಳುತ್ತಾಳೆ. ಈ ಸಲ ಅರ್ಪಿತ ತಲೆ ತಗ್ಗಿಸಿದಳು, ಯಾಕೆಂದರೆ ಈ ಸಲ ಕೇಳಿದ್ದು ಹೆಸರನ್ನಲ್ಲ. ಆ ಸಾಲನ್ನು ಪಟ್ಟಿಯಲ್ಲೇ ಉಳಿಸಿದ್ದರೆ ಯಾರೂ ಕೇಳುತ್ತಿರಲಿಲ್ಲ. ಅವರ ಮನೆಗೆ ಎರಡು ಪಾಲು ಚಾಕಿ ಬರುತ್ತಿತ್ತು. ಸೊಪ್ಪೂ ಅಷ್ಟಿತ್ತು. ಅಕ್ಕಯಮ್ಮ ಪರದೆಯ ಮೇಲಿನ ಅಕ್ಷರಗಳನ್ನು, ಓದಲು ಬರುವವರ ಹಾಗೆಯೇ, ಸ್ವಲ್ಪ ಹೊತ್ತು ನೋಡಿದರು.

“ಪೋಯಿನಾರು” ಎಂದರು.

ಆ ಬೆಳಿಗ್ಗೆಯಿಂದ ಹೋದವರೆಲ್ಲ ‘ಪೋಯಿನಾಡು’ ಎಂದೇ ಹೋಗಿದ್ದರು. ‘ಪೋಯಿನಾರು’ ಎಂದು, ಹೋದರು ಎಂದು, ಮರ್ಯಾದೆಯ ಮಾತಿನಲ್ಲಿ ಹೋದವರು ಅವರೊಬ್ಬರೇ. ನಾನು ಸಾಲನ್ನು ಅಳಿಸಿದೆ. “ಮುಂದಕ್ಕೆ ಓದಪ್ಪ” ಎಂದರು. ಓದಿದೆ.

ಒಟ್ಟು ಇಪ್ಪತ್ತಮೂರು ಹೆಸರು ಹೋಗಿ ಇನ್ನೂರ ಎಂಬತ್ತು ಉಳಿದವು. ಹದಿನೇಳು ಹೆಂಗಸರೂ ಒಳಗೆ ಬಂದರು, ಚೀಟಿ ಎತ್ತುವ ಅಗತ್ಯ ಬೀಳಲಿಲ್ಲ, ಎಂಟು ಜಾಗ ಮಿಕ್ಕಿತು. ಸಂಜೆ ನಾಲ್ಕಕ್ಕೆ ಮೊಹರು ಬಿತ್ತು. ಶುಕ್ರವಾರ ಬೆಳಿಗ್ಗೆ ವ್ಯಾನು ಬಂದಾಗ ಅಕ್ಕಯಮ್ಮ ತಮ್ಮ ಸಾಲಿನ ಮುಂದೆ ಹೆಬ್ಬೆಟ್ಟು ಒತ್ತಿ, ಪಾಲಿಗೆ ಬಂದ ಚಾಕಿಯ ತಟ್ಟೆಗಳನ್ನು ಒದ್ದೆಬಟ್ಟೆ ಹೊದಿಸಿ ಆಟೋದಲ್ಲಿ ಇಟ್ಟುಕೊಂಡು ಹೋದರು. ಮಧ್ಯಾಹ್ನ ಅರ್ಪಿತ ಫೋನ್ ಮಾಡಿ, ಹುಳು ಸೊಪ್ಪಿಗೆ ಬಾಯಿ ಹಾಕಿವೆ ಎಂದಳು.

ಈಗ ತಮ್ಮಲ್ಲಿ ನನ್ನ ಬೇಡಿಕೆಗಳು. ಮುಂದೆ ಎಲ್ಲಾದರೂ ಲೇಟ್ ಎಂಬ ಪದ ಎದುರಾದರೆ ಒಂದು ಕ್ಷಣ ನಿಂತು ಎಡಕ್ಕೆ ನೋಡಬೇಕು, ಅಲ್ಲಿ ‘ಕೋಂ’ ಇದೆಯೇ ‘ಬಿನ್’ ಇದೆಯೇ ಎಂದು. ಇದ್ದರೆ ಕಂಪ್ಯೂಟರಿನಿಂದ ಇಳಿದು, ಬಸ್ ಹತ್ತಿ, ಆ ಊರಿಗೆ ಹೋಗಿ, ತೋಟದಲ್ಲಿ ಬಗ್ಗಿ ಸೊಪ್ಪು ಕೊಯ್ಯುತ್ತಿರುವವರನ್ನು ತಾವು ಯಾರೆಂದು ವಿನಯದಿಂದ ಕೇಳಬೇಕು. ಅವರು ತಿರುಗಿ ನೋಡಿದರೆ ಬದುಕಿದ್ದಾರೆಂದು ಬರೆದುಕೊಳ್ಳಬೇಕು. ಸಂಖ್ಯೆ ದುಂಡಗೆ ಬಂದ ದಿನ ತಾವಾಗಿಯೇ ಕೆಲಸ ನಿಲ್ಲಿಸಿ ಸಂಶಯದಿಂದ ಕೆಮ್ಮಬೇಕು. ಕಾರ್ಯದರ್ಶಿಗಳು ಹೇಳಿದ್ದನ್ನು ನಾನು, ನಾನು ಹೇಳಿದ್ದನ್ನು ತಾವು, ಹೀಗೆ ಮೂವರೂ ತಲೆಯಾಡಿಸುವ ಬದಲು ತಾವಾದರೂ ಒಮ್ಮೆ ಯಾಕೆ ಎಂದು ಕೇಳಬೇಕು. ಇದು ತಮ್ಮಿಂದಾಗದು ಎಂದು ಬಲ್ಲೆ. ನಮ್ಮಿಬ್ಬರಿಂದಲೂ ಆಗಲಿಲ್ಲ, ನಮಗೆ ಬಾಯಿಯೂ ಇತ್ತು, ಬಸ್ ಪಾಸೂ ಇತ್ತು.

ತಮ್ಮ ಮೇಲಿಟ್ಟ ವಿಶ್ವಾಸವನ್ನು ಇನ್ನು ಮುಂದೆ ಬಿಟ್ಟ ಸಾಲುಗಳನ್ನು ಓದಿ ನೋಡಿದ ಮೇಲೆ ಮಾತ್ರ ಇಡಲಿರುವ,
ತಮ್ಮನ್ನು ಬರೆದ
ವೇಣು

ತಾ.ಕ.: ಇದನ್ನು ಮುಗಿಸುವ ಹೊತ್ತಿಗೆ ಸುರೇಶಣ್ಣನ ಫೋನ್ ಬಂತು. ತಮ್ಮ ಕೀರ್ತಿ ಬೆಳೆದಿದೆಯಂತೆ. ಚನ್ನರಾಯಪ್ಪನವರು ಸೋಮವಾರವೇ, ಇನ್ನೂರೈವತ್ತು ರೌಂಡಾಗಿ ಬಂದ ಸಂತೋಷದಲ್ಲಿ, ತಮ್ಮನ್ನು ಪೆನ್ ಡ್ರೈವಿಗೆ ಹಾಕಿಸಿಕೊಂಡು ಶ್ರೀನಿವಾಸಪುರದ ಕಡೆಯ ಇನ್ನೊಂದು ಸಂಘದ ಗೆಳೆಯರಿಗೆ ಕೊಟ್ಟಿದ್ದರಂತೆ. ತಿದ್ದುವುದಕ್ಕೆ ಮುಂಚಿನ ಪ್ರತಿ. ಅವರ ಪಟ್ಟಿ ಒಂಬೈನೂರು ಸಾಲಿನದು, ನಾಳೆ ಬೆಳಿಗ್ಗೆ ಗೋಡೆಗೆ ಅಂಟುತ್ತದೆ. ನನಗೆ ಈಗ ಕೆಲಸವಿಲ್ಲದ್ದರಿಂದ ಆರೂವರೆಯ ಬಸ್ಸಿಗೆ ಹೋಗುತ್ತಿದ್ದೇನೆ. ಜೊತೆಗೆ ಬರುತ್ತೇನೆಂದು ಅಕ್ಕಯಮ್ಮ ಹಟ ಹಿಡಿದಿದ್ದಾರೆ. ಅಲ್ಲಿನ ಕಾರ್ಯದರ್ಶಿಗಳಿಗೆ ತೋರಿಸಲು ಸತ್ತವರೊಬ್ಬರು ಇರಲಿ ಎನ್ನುತ್ತಾರೆ.